ಗಿಟಾರಿನ ಗುಂಯ್ ಸದ್ದು ಮತ್ತು ಮೂರನೆಯ ಪಿನ್ನು

ಕೇಳುಗರಿಗೆ ನಮಸ್ಕಾರ. ಗಣಪತಿ ಕೂರಿಸುವ ದಿನಗಳು ಬಂದರೆ ಹಾಸನದ ಬೀದಿಗಳಲ್ಲಿ ವಾದ್ಯಗೋಷ್ಠಿಗಳ ಸಡಗರ. ಆಗ ನನ್ನ ರಿಪೇರಿ ಅಂಗಡಿಗೆ ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬರುವ ಹುಡುಗರ ದೂರು ಒಂದೇ: “ನುಡಿಸದೆ ಸುಮ್ಮನಿದ್ದರೂ ಗುಂಯ್ ಎನ್ನುತ್ತದೆ ಅಣ್ಣ.”

ನಾನು ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಗಿಟಾರನ್ನು ಕೊರಳಿಗೆ ಹಾಕಿಕೊಂಡು ನಿಂತಲ್ಲೇ ಮೆಲ್ಲಗೆ ತಿರುಗಲು ಹೇಳುತ್ತೇನೆ. ಒಂದು ದಿಕ್ಕಿಗೆ ಸದ್ದು ಏರಿ ಇನ್ನೊಂದು ದಿಕ್ಕಿಗೆ ಇಳಿದರೆ, ಅದನ್ನು ಹಿಡಿಯುತ್ತಿರುವುದು ಪಿಕಪ್, ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ. ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ ಅದು. ಹತ್ತಿರದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕಾಂತಕ್ಷೇತ್ರವೂ ಅದಕ್ಕೆ ಕೇಳಿಸುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಜೋಡಿಸಿ, ಒಂದರ ಸುತ್ತನ್ನೂ ಅಯಸ್ಕಾಂತದ ಧ್ರುವವನ್ನೂ ತಿರುಗುಮುರುಗು ಮಾಡಿದರು. ಹೊರಗಿನ ಸದ್ದು ಎರಡರ ನಡುವೆ ವಜಾ ಆಗುತ್ತದೆ, ತಂತಿಯ ನಾದ ಕೂಡಿಕೊಳ್ಳುತ್ತದೆ. ಈ ಲೆಕ್ಕದ ಚೆಲುವಿಗೆ ನಾನು ಇಂದಿಗೂ ಮಾರುಹೋಗುತ್ತೇನೆ.

ಗಿಟಾರಿನ ತಂತಿ ಮುಟ್ಟಿದೊಡನೆ ಸದ್ದು ಅಡಗಿತೇ? ಹಾಗಾದರೆ ಬ್ರಿಡ್ಜಿನ, ಅಂದರೆ ತಂತಿಗಳು ಕೂರುವ ಲೋಹದ ಆಸರೆಯ, ಅಡಿಯ ಅರ್ಥ್ ವೈರು ಚೆನ್ನಾಗಿದೆ. ಒಳಗೂಡಿಗೆ ತಾಮ್ರದ ಹಾಳೆ ಅಂಟಿಸಿ ಅದನ್ನೂ ಅರ್ಥ್‌ಗೆ ಸೇರಿಸಿದರೆ ಸಾಕು. ಮುಟ್ಟಿದಾಗ ಹೆಚ್ಚಾದರೆ ಆ ಅರ್ಥ್ ವೈರಿನ ಬೆಸುಗೆ ಬಿಟ್ಟಿರಬಹುದು.

ಆಂಪ್ಲಿಫೈಯರಿಗೆ ಒಂದು ಮನೆಯಿಂದ, ಮಿಕ್ಸರಿಗೆ ಎದುರು ಮನೆಯಿಂದ ಕರೆಂಟು ಎಳೆದಾಗ ಬರುವ ಸದ್ದು ಬೇರೆ. ಎರಡು ಅರ್ಥಿಂಗ್‌ಗಳ ನಡುವಿನ ವ್ಯತ್ಯಾಸ ಕೇಬಲ್ಲಿನ ಹೊರಹೆಣಿಗೆಯಲ್ಲಿ ಹರಿಯುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಟ್ಟರೆ ಬಹುಪಾಲು ನಿಲ್ಲುತ್ತದೆ.

ಇಲ್ಲಿಯೇ ಕೆಲವರು ಪ್ಲಗ್ಗಿನ ದಪ್ಪನೆಯ ಮೂರನೆಯ ಪಿನ್ನನ್ನು, ಅಂದರೆ ಅರ್ಥ್ ಪಿನ್ನನ್ನು, ಮುರಿದುಬಿಡುತ್ತಾರೆ. ಗುಂಯ್ ನಿಲ್ಲುತ್ತದೆ, ನಿಜ. ಆದರೆ ಆಂಪ್ಲಿಫೈಯರಿನ ಒಳಗೆ ಫೇಸ್ ತಂತಿ ಪೆಟ್ಟಿಗೆಗೆ ತಾಗಿದ ದಿನ, 230 ವೋಲ್ಟು ಗಿಟಾರಿನ ತಂತಿಗಳವರೆಗೂ ಬರುತ್ತದೆ. ಹಾಡುತ್ತ ನುಡಿಸುವವನ ಬೆರಳು ತಂತಿಯ ಮೇಲೆ, ತುಟಿ ಮಿಕ್ಸರಿನ ಮೂಲಕ ಅರ್ಥ್ ಆದ ಮೈಕಿನ ಮೇಲೆ; ಕರೆಂಟಿಗೆ ಅವನ ಮೈಯೇ ದಾರಿ. ಮಳೆಗೆ ನೆನೆದ ವೇದಿಕೆಯಲ್ಲಿ ಹೀಗೆ ತುಟಿಗೆ ಜುಮ್ಮೆಂದು ಹೊಡೆಸಿಕೊಂಡು ಬಿಳಿಚಿ ಕುಳಿತ ಹುಡುಗನನ್ನು ನಾನು ಕಂಡಿದ್ದೇನೆ. ಅವನ ಪ್ಲಗ್ಗಿಗೆ ಎರಡೇ ಪಿನ್ನಿದ್ದವು. ಅಂದಿನಿಂದ ಮುರಿದ ಪ್ಲಗ್ ನನ್ನ ಮೇಜಿಗೆ ಬಂದರೆ, ಗಿಟಾರ್ ಮುಟ್ಟುವ ಮೊದಲು ಅದನ್ನು ಬದಲಿಸುತ್ತೇನೆ. ಅದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.

ಹಬ್ಬಕ್ಕೆ ಇನ್ನೂ ದಿನಗಳಿವೆ. ನಿಮ್ಮ ಬೀದಿಯ ಪೆಂಡಾಲಿಗೆ ಕರೆಂಟು ಕೊಡುವ ಮನೆಯ ಅರ್ಥಿಂಗ್ ಗುಂಡಿಯನ್ನು ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಮಸ್ಕಾರ.