ಬರೆದವರನ್ನಲ್ಲ, ಓದಿದವರನ್ನು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಥೆ, ಕಾದಂಬರಿ, ಸಿನಿಮಾಗಳಲ್ಲಿ ಬಂದದ್ದು ಆಮೇಲೆ ನಿಜವಾದ ಬಗೆಯನ್ನು ಕುರಿತು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ವಿಜ್ಞಾನದ ಇತಿಹಾಸ ಪಾಠ ಮಾಡುವವರಿಗೆ ಇದಕ್ಕಿಂತ ಖುಷಿಯ ವಿಷಯ ಇನ್ನೊಂದಿಲ್ಲ. ಆದರೆ ಶುರುವಿಗೇ ಒಂದು ಮಾತು. ಈ ವಿಷಯ ಬಂದಾಗಲೆಲ್ಲ ಜನ "ಅಬ್ಬಾ, ಆ ಲೇಖಕ ಐವತ್ತು ವರ್ಷ ಮೊದಲೇ ಭವಿಷ್ಯ ಹೇಳಿಬಿಟ್ಟಿದ್ದ" ಎನ್ನುತ್ತಾರೆ. ಇಲ್ಲ, ಯಾವ ಲೇಖಕನೂ ಭವಿಷ್ಯ ಹೇಳಲಿಲ್ಲ. ಕಥೆ ನಿಜವಾಯಿತು ಅಂದರೆ ಅದನ್ನು ಓದಿದವರು ಯಾರೋ ಕೂತು, ಒದ್ದಾಡಿ, ನಿಜ ಮಾಡಿದರು ಎಂದು ಅರ್ಥ. ಹಾಗಾಗಿ ಈ ಹೊತ್ತು ನೀವು ಬರೆದವರನ್ನು ನೋಡಬೇಡಿ, ಓದಿದವರನ್ನು ನೋಡಿ. ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಲಿಯೋ ಸಿಲಾರ್ಡ್ ಅವರ ಕಥೆ. ನನಗೆ ತುಂಬಾ ಇಷ್ಟವಾದದ್ದು, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಲಾರ್ಡ್ ಹುಟ್ಟಿದ್ದು 1898ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಬರ್ಲಿನ್‌ನಲ್ಲಿ ಭೌತವಿಜ್ಞಾನ ಕಲಿತು ಅಲ್ಲೇ ಕೆಲಸ ಮಾಡುತ್ತಿದ್ದರು. 1932ರಲ್ಲಿ ಅವರು ಇಂಗ್ಲೆಂಡಿನ ಸಾಹಿತಿ ಎಚ್. ಜಿ. ವೆಲ್ಸ್ ಬರೆದ ಒಂದು ಕಾದಂಬರಿ ಓದಿದರು. ಹೆಸರು 'ದಿ ವರ್ಲ್ಡ್ ಸೆಟ್ ಫ್ರೀ', ಪ್ರಕಟವಾದದ್ದು 1914ರಲ್ಲಿ. ಅದರಲ್ಲಿ ಮನುಷ್ಯ ಪರಮಾಣುವಿನ ಒಳಗಿನ ಶಕ್ತಿಯನ್ನು ಹೊರಗೆ ತೆಗೆಯುತ್ತಾನೆ. ಮೊದಲು ಅದರಿಂದ ಯಂತ್ರಗಳು, ವಾಹನಗಳು ಓಡುತ್ತವೆ. ಆಮೇಲೆ 1956ರಲ್ಲಿ ದೊಡ್ಡ ಯುದ್ಧ ಆಗುತ್ತದೆ, ಊರಿಗೆ ಊರೇ ನಾಶವಾಗುತ್ತದೆ. ಯಾವುದರಿಂದ? 'ಅಟಾಮಿಕ್ ಬಾಂಬ್'ನಿಂದ. ಅದೇ ಹೆಸರು ಆ ಪುಸ್ತಕದಲ್ಲಿದೆ, 1914ರಲ್ಲೇ!

ನೋಡಿ, ಇಲ್ಲಿಗೆ ಬಂದ ಕೂಡಲೇ "ಭವಿಷ್ಯವಾಣಿ" ಎಂದುಬಿಡುತ್ತಾರೆ. ತಡೆಯಿರಿ. ಆ ಕಾದಂಬರಿಯ ಬಾಂಬ್ ಹೇಗಿತ್ತು ಗೊತ್ತೇ? ವಿಮಾನದಲ್ಲಿ ಕೂತವನು ಅದನ್ನು ಕೈಯಲ್ಲಿ ಎತ್ತಿಕೊಂಡು, ಹಿಡಿಗಳ ನಡುವೆ ಇರುವ ಸೆಲ್ಯುಲಾಯ್ಡ್ ಗುಬುಟನ್ನು ಹಲ್ಲಿನಿಂದ ಕಚ್ಚಿ ಕಿತ್ತು ಕೆಳಗೆ ಎಸೆಯಬೇಕು. ಒಳಗೆ ಗಾಳಿ ಹೋದರೆ ಅದು ಹೊತ್ತಿಕೊಳ್ಳುತ್ತದೆ. ಒಂದೇ ಸಲ ಸಿಡಿದು ಮುಗಿಯುವುದೂ ಇಲ್ಲ, ದಿನಗಟ್ಟಲೆ ಉರಿಯುತ್ತಲೇ ಇರುತ್ತದೆ. ನಿಜವಾದ ಅಣುಬಾಂಬ್ ಹೀಗೆ ಕೆಲಸ ಮಾಡುವುದೇ ಇಲ್ಲ. ವೆಲ್ಸ್‌ಗೆ ಅದನ್ನು ಮಾಡುವುದು ಹೇಗೆ ಎಂದು ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇರಲಿಲ್ಲ. ಆದರೆ ಅದನ್ನು ಮಾಡಿದರೆ ಮನುಷ್ಯರ ಗತಿ ಏನಾಗುತ್ತದೆ ಎಂದು ಪುಟ ಪುಟಕ್ಕೂ ತೋರಿಸಿದ್ದರು. ಸಿಲಾರ್ಡ್ ತಲೆಯಲ್ಲಿ ಕೂತದ್ದು ಅದು.

ಮರುವರ್ಷ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಸಿಲಾರ್ಡ್ ಯಹೂದಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬೇಗನೆ ಅರ್ಥಮಾಡಿಕೊಂಡು ರೈಲು ಹತ್ತಿ ವಿಯೆನ್ನಾಗೆ ಹೋದರು. ಅವರು ಹೋದ ದಿನ ರೈಲು ಹೆಚ್ಚುಕಡಿಮೆ ಖಾಲಿ. ಮರುದಿನ ಅದೇ ರೈಲು ತುಂಬಿ ತುಳುಕುತ್ತಿತ್ತು, ಗಡಿಯಲ್ಲಿ ಜನರನ್ನು ಇಳಿಸಿ ವಿಚಾರಣೆ ಮಾಡಿದರು. ಅಲ್ಲಿಂದ ಸಿಲಾರ್ಡ್ ಲಂಡನ್‌ಗೆ ಬಂದರು.

1933ರ ಸೆಪ್ಟೆಂಬರ್ 12. ಲಂಡನ್‌ನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಹಿಂದಿನ ದಿನದ ಒಂದು ಭಾಷಣದ ವರದಿ ಬಂದಿತ್ತು. ಭಾಷಣ ಮಾಡಿದವರು ಅರ್ನೆಸ್ಟ್ ರುದರ್‌ಫರ್ಡ್, ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು. ಪರಮಾಣು ಒಡೆದು ಶಕ್ತಿ ಪಡೆಯುತ್ತೇವೆ ಎನ್ನುವವರದು ಬರೀ ಹುಚ್ಚುಮಾತು ಎಂದು ಅವರು ಹೇಳಿದ್ದರು. ಆ ಕಾಲಕ್ಕೆ ಅವರಿಗಿಂತ ದೊಡ್ಡ ತಜ್ಞ ಇಲ್ಲ. ಅದನ್ನು ಓದಿ ಸಿಲಾರ್ಡ್‌ಗೆ ಸಿಟ್ಟು ಬಂತು. ತಜ್ಞರು "ಸಾಧ್ಯವೇ ಇಲ್ಲ" ಅಂದರೆ ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಯೋಚಿಸುತ್ತಾ ಬೀದಿಗೆ ಇಳಿದರು. ಸೌತಾಂಪ್ಟನ್ ರೋ ಎಂಬ ರಸ್ತೆ. ಸಿಗ್ನಲ್‌ನಲ್ಲಿ ಕೆಂಪು ದೀಪ ಇತ್ತು, ನಿಂತರು. ಹಸಿರು ದೀಪ ಬಂತು, ರಸ್ತೆ ದಾಟತೊಡಗಿದರು. ಅಲ್ಲಿ ಹೊಳೆಯಿತು.

ಏನು ಹೊಳೆದದ್ದು? ನ್ಯೂಟ್ರಾನ್ ಎಂಬ ಕಣವನ್ನು ಹಿಂದಿನ ವರ್ಷವಷ್ಟೇ ಕಂಡುಹಿಡಿದಿದ್ದರು. ಒಂದು ನ್ಯೂಟ್ರಾನ್ ನುಂಗಿ ಎರಡು ನ್ಯೂಟ್ರಾನ್ ಉಗುಳುವ ಧಾತು ಯಾವುದಾದರೂ ಇದ್ದರೆ? ಆ ಎರಡು ಹೋಗಿ ಇನ್ನೆರಡು ಪರಮಾಣು ಒಡೆಯುತ್ತವೆ, ನಾಲ್ಕು ಹೊರಗೆ ಬರುತ್ತವೆ. ನಾಲ್ಕು ಎಂಟಾಗುತ್ತವೆ, ಎಂಟು ಹದಿನಾರಾಗುತ್ತವೆ. ಇದು ಎಷ್ಟು ಬೇಗ ಕೈಮೀರುತ್ತದೆ ಎಂದರೆ, ಹೀಗೆ 80 ಸಲ ದುಪ್ಪಟ್ಟಾದರೆ ಸಾಕು, ಸುಮಾರು ಅರ್ಧ ಕಿಲೋ ಯುರೇನಿಯಂನ ಅಷ್ಟೂ ಪರಮಾಣುಗಳ ಲೆಕ್ಕ ಮುಗಿಯುತ್ತದೆ. ಅದೂ ನಾವು ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ. ಇದನ್ನೇ ಈಗ ನಾವು ಸರಣಿ ಕ್ರಿಯೆ ಎನ್ನುತ್ತೇವೆ.

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಬೇರೆ ಯಾವ ವಿಜ್ಞಾನಿ ಆಗಿದ್ದರೂ ಓಡಿಹೋಗಿ ಪತ್ರಿಕೆಯಲ್ಲಿ ಪ್ರಕಟ ಮಾಡುತ್ತಿದ್ದರು, ಹೆಸರು ಬರುತ್ತಿತ್ತು. ಸಿಲಾರ್ಡ್ ಮಾಡಿದ್ದು ಉಲ್ಟಾ. 1934ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಆಮೇಲೆ ಅದನ್ನು ಯಾರೂ ನೋಡದ ಹಾಗೆ ಗುಟ್ಟಾಗಿ ಇಡಿ ಎಂದು ಬ್ರಿಟಿಷ್ ಸರ್ಕಾರದ ಹಿಂದೆ ಬಿದ್ದರು. ಸೈನ್ಯದ ಇಲಾಖೆಯವರು "ನಮಗೇನೂ ಇದನ್ನು ಗುಟ್ಟಾಗಿ ಇಡುವ ಕಾರಣ ಕಾಣುತ್ತಿಲ್ಲ" ಎಂದು ವಾಪಸ್ ಕಳಿಸಿದರು. ಕೊನೆಗೆ 1936ರಲ್ಲಿ ನೌಕಾಪಡೆಯ ಇಲಾಖೆ ತೆಗೆದುಕೊಂಡಿತು. ಇಷ್ಟೆಲ್ಲ ಯಾಕೆ? ಅವರೇ ಕಾರಣ ಹೇಳಿದ್ದಾರೆ. ವೆಲ್ಸ್ ಅವರ ಕಾದಂಬರಿ ಓದಿದ್ದರಿಂದ ಇದರ ಅರ್ಥ ಏನು ಎಂದು ಅವರಿಗೆ ಗೊತ್ತಿತ್ತು. ಭಯ ಮೊದಲೇ ಬಂದಿತ್ತು, ಭೌತವಿಜ್ಞಾನ ಆಮೇಲೆ ಬಂತು.

1934ರಲ್ಲೇ ಅವರು ಹ್ಯೂಗೊ ಹರ್ಸ್ಟ್ ಎಂಬ ದೊಡ್ಡ ಉದ್ಯಮಿಗೆ ಕಾಗದ ಬರೆದು, ಜೊತೆಗೆ ಆ ಕಾದಂಬರಿಯ ಕೆಲವು ಪುಟಗಳನ್ನೂ ಇಟ್ಟು ಕಳಿಸಿದರು! ಉದ್ಯಮದ ಮಟ್ಟಿಗೆ ವಿಜ್ಞಾನಿಗಳ ಅಂದಾಜಿಗಿಂತ ಸಾಹಿತಿಗಳ ಅಂದಾಜೇ ಹೆಚ್ಚು ಸರಿಯಾಗಬಹುದು ಎಂದು ಆ ಕಾಗದದಲ್ಲಿ ಬರೆದಿದ್ದರು. ಒಬ್ಬ ಭೌತವಿಜ್ಞಾನಿ ತನ್ನ ಲೆಕ್ಕಕ್ಕೆ ಬೆಂಬಲವಾಗಿ ಕಾದಂಬರಿಯ ಪುಟ ಕಳಿಸುವುದು ಅಂದರೆ ಸಾಮಾನ್ಯವೇ?

ಅಲ್ಲಿಂದ ಐದು ವರ್ಷ ಅವರು ಆ ಧಾತುವಿಗಾಗಿ ಹುಡುಕಿದರು. ಬೆರಿಲಿಯಂ ನೋಡಿದರು, ಇಂಡಿಯಂ ನೋಡಿದರು, ಯಾವುದೂ ಆಗಲಿಲ್ಲ. 1938ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬವರು ಯುರೇನಿಯಂ ಒಡೆಯುವುದನ್ನು ಕಂಡರು. ಆಗ ಅಮೆರಿಕದಲ್ಲಿದ್ದ ಸಿಲಾರ್ಡ್‌ಗೆ ಸುದ್ದಿ ಮುಟ್ಟಿದ ತಕ್ಷಣ ವೆಲ್ಸ್ ಬರೆದದ್ದೆಲ್ಲ ಕಣ್ಣೆದುರಿಗೆ ಬಂತು. 1939ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಜಿನ್ ಜೊತೆ ಸೇರಿ ಪ್ರಯೋಗ ಮಾಡಿದರು. ಪರದೆಯ ಮೇಲೆ ಬೆಳಕು ಮಿನುಗಿದರೆ ನ್ಯೂಟ್ರಾನ್ ಬರುತ್ತಿದೆ ಎಂದು ಅರ್ಥ. ಮಿನುಗಿತು. ಲೋಕಕ್ಕೆ ಕೆಟ್ಟ ಕಾಲ ಬರುತ್ತಿದೆ ಎಂದು ಆ ರಾತ್ರಿಯೇ ಅನ್ನಿಸಿತು ಎಂದು ಆಮೇಲೆ ಅವರೇ ಹೇಳಿದರು. ಇಂಥ ಬಾಂಬ್ ಮಾಡಲು ಸಾಧ್ಯ ಎಂದು ಎಚ್ಚರಿಸಿ ಐನ್‌ಸ್ಟೈನ್ ಸಹಿ ಮಾಡಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಕಳಿಸಿದ ಪ್ರಸಿದ್ಧ ಕಾಗದ ಇದೆಯಲ್ಲ, 1939ರ ಆಗಸ್ಟ್ 2ರ ತಾರೀಖಿನದು, ಅದರ ಹಿಂದೆ ಓಡಾಡಿದವರೂ ಸಿಲಾರ್ಡೇ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಭೌತವಿಜ್ಞಾನಿ ಎನ್ರಿಕೋ ಫರ್ಮಿ ಅವರ ಮುಂದಾಳತ್ವದಲ್ಲಿ ಮೊದಲ ಸರಣಿ ಕ್ರಿಯೆ ನಡೆದಾಗ ಅವರು ಅಲ್ಲಿದ್ದರು. 1945ರ ಜುಲೈನಲ್ಲಿ ಬಾಂಬ್ ಹಾಕಬೇಡಿ, ಮೊದಲು ಜಪಾನ್‌ಗೆ ಶರಣಾಗಲು ಅವಕಾಶ ಕೊಡಿ ಎಂದು ಮನವಿ ಬರೆದು, 70 ಜನರ ಸಹಿ ಮಾಡಿಸಿದವರೂ ಅವರೇ. ಆ ಮನವಿಗೆ ಬೆಲೆ ಸಿಗಲಿಲ್ಲ.

ಇನ್ನೊಂದು ವಿಷಯ ಹೇಳದೆ ಇದನ್ನು ಬಿಡಲಾರೆ. ವೆಲ್ಸ್‌ಗೆ ಈ ಕಥೆ ಎಲ್ಲಿಂದ ಬಂತು? ಫ್ರೆಡರಿಕ್ ಸಾಡಿ ಎಂಬ ರಸಾಯನ ವಿಜ್ಞಾನಿ 1909ರಲ್ಲಿ ಸಾಮಾನ್ಯರಿಗಾಗಿ ರೇಡಿಯಂ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ವೆಲ್ಸ್ ತಮ್ಮ ಕಾದಂಬರಿಯನ್ನು ಆ ಪುಸ್ತಕಕ್ಕೇ ಅರ್ಪಿಸಿದ್ದಾರೆ. ಅಂದರೆ ವಿಜ್ಞಾನಿ ಬರೆದದ್ದನ್ನು ಸಾಹಿತಿ ಓದಿದರು, ಸಾಹಿತಿ ಬರೆದದ್ದನ್ನು ಇನ್ನೊಬ್ಬ ವಿಜ್ಞಾನಿ ಓದಿದರು. ಇದರಲ್ಲಿ ಭವಿಷ್ಯವಾಣಿ ಎಲ್ಲಿದೆ? ಬರೀ ಓದು ಇದೆ.

ಅಯ್ಯೋ, ಗಡಿಯಾರ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಮಯ ಇದಕ್ಕೇ ಹೋಯಿತು. ಪರವಾಗಿಲ್ಲ, ಹೋಗಬೇಕಾದದ್ದೇ.

ಈಗ ಟೈಟಾನಿಕ್. ಎಲ್ಲಿ ಹೋದರೂ ಇದನ್ನು ಕೇಳುತ್ತಾರೆ. ಮಾರ್ಗನ್ ರಾಬರ್ಟ್‌ಸನ್ ಎಂಬವರು 1898ರಲ್ಲಿ 'ಟೈಟನ್' ಎಂಬ ಹಡಗಿನ ಕಥೆ ಬರೆದರು. ಏಪ್ರಿಲ್ ತಿಂಗಳು, ಉತ್ತರ ಅಟ್ಲಾಂಟಿಕ್, ಹಡಗು ಹಿಮಗಡ್ಡೆಗೆ ಬಡಿದು ಮುಳುಗುತ್ತದೆ, ಜೀವರಕ್ಷಕ ದೋಣಿಗಳು ಸಾಲುವುದಿಲ್ಲ. 14 ವರ್ಷದ ನಂತರ ಟೈಟಾನಿಕ್‌ಗೂ ಅದೇ ಗತಿ. ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ರಾಬರ್ಟ್‌ಸನ್ ಹಡಗುಗಳಲ್ಲಿ ವರ್ಷಗಟ್ಟಲೆ ದುಡಿದವರು. ಹಡಗಿನಲ್ಲಿ ಎಷ್ಟು ದೋಣಿ ಇರಬೇಕು ಎಂಬ ಆಗಿನ ಬ್ರಿಟಿಷ್ ನಿಯಮ ಮಾಡುವಾಗ 10,000 ಟನ್‌ಗಿಂತ ದೊಡ್ಡ ಹಡಗುಗಳ ಯೋಚನೆಯನ್ನೇ ಮಾಡಿರಲಿಲ್ಲ. ಆಮೇಲೆ ಹಡಗುಗಳು ಬೆಳೆದವು, ನಿಯಮ ಬೆಳೆಯಲಿಲ್ಲ. ಟೈಟಾನಿಕ್ 46,000 ಟನ್. ಅದರಲ್ಲಿದ್ದದ್ದು 20 ದೋಣಿ, ಜಾಗ 1,178 ಜನಕ್ಕೆ, ಹಡಗಿನಲ್ಲಿದ್ದವರು ಸುಮಾರು 2,200. ಕೆಲಸ ಗೊತ್ತಿದ್ದವರಿಗೆ ಅಪಾಯ ಕಾಣುತ್ತಿತ್ತು, ಅಷ್ಟೇ. ಆ ಪುಸ್ತಕದಿಂದ ಟೈಟಾನಿಕ್‌ಗೆ ಒಂದೇ ಒಂದು ದೋಣಿ ಕೂಡ ಜಾಸ್ತಿ ಸಿಗಲಿಲ್ಲ. ಓದಿ ಎದ್ದು ಏನಾದರೂ ಮಾಡುವವರು ಇರಬೇಕು. ಅದಕ್ಕೇ ಹೇಳುತ್ತಿರುವುದು, ಓದಿದವರನ್ನು ನೋಡಿ ಎಂದು.

ಎಂಥ ಓದುಗರು ಬೇಕು ಎಂದು ಕೇಳಿದರೆ ನಾನು ಹರ್ಮನ್ ಓಬರ್ಥ್ ಎಂಬ ಹುಡುಗನನ್ನು ತೋರಿಸುತ್ತೇನೆ. ಫ್ರೆಂಚ್ ಸಾಹಿತಿ ಜೂಲ್ಸ್ ವರ್ನ್ ಬರೆದ, 1865ರ ಕಾದಂಬರಿ. ಮೂವರು ಚಂದ್ರನತ್ತ ಹೊರಡುತ್ತಾರೆ, 900 ಅಡಿ ಉದ್ದದ ಫಿರಂಗಿಯಿಂದ ಗುಂಡಿನ ಒಳಗೆ ಕೂತು. ಓಬರ್ಥ್ ಅದನ್ನು ಬಾಯಿಪಾಠ ಬರುವಷ್ಟು ಸಲ ಓದಿದ. ಓದಿ ಸುಮ್ನೆ ಕೂರಲಿಲ್ಲ, ಇದು ಆಗುತ್ತದೆಯೇ ಎಂದು ಲೆಕ್ಕ ಹಾಕಿದ. ಆಗುವುದಿಲ್ಲ! ಅಷ್ಟು ಚಿಕ್ಕ ದೂರದಲ್ಲಿ ಸೆಕೆಂಡಿಗೆ 11 ಕಿಲೋಮೀಟರ್ ವೇಗ ಬರಬೇಕು ಅಂದರೆ ದೇಹದ ತೂಕ 20,000 ಪಟ್ಟಿಗೂ ಮೀರಿ ಏರಿದ ಹಾಗೆ. 50 ಕಿಲೋ ತೂಕದವರ ಮೇಲೆ ಸಾವಿರ ಟನ್ ಬಿದ್ದಂತೆ. ಹೊರಡುವ ಮೊದಲೇ ಮೂವರೂ ಚಪ್ಪಟೆ. ಹಾಗಾದರೆ ನಿಧಾನವಾಗಿ, ಹೆಚ್ಚು ಹೊತ್ತು ತಳ್ಳುತ್ತಲೇ ಇರುವ ಯಂತ್ರ ಬೇಕು. ಅದು ರಾಕೆಟ್. ಓಬರ್ಥ್ 1923ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ರಷ್ಯಾದ ಸಿಯೊಲ್ಕೊವ್‌ಸ್ಕಿ ಅವರೂ ವರ್ನ್ ಓದಿಯೇ ಈ ದಾರಿಗೆ ಬಂದವರು. ನೋಡಿದಿರಾ, ಕಥೆ ತಪ್ಪಾಗಿತ್ತು. ತಪ್ಪು ಕಥೆಯಿಂದ ಸರಿಯಾದ ರಾಕೆಟ್ ಬಂತು! ಮಕ್ಕಳು ಕಥೆ ಪುಸ್ತಕ ಹಿಡಿದರೆ "ಇದರಲ್ಲಿರುವುದೆಲ್ಲ ಸುಳ್ಳು, ಪಾಠ ಓದು" ಎನ್ನುವ ಹಿರಿಯರು ಈಗ ಕೇಳುತ್ತಿದ್ದರೆ, ದಯವಿಟ್ಟು ಇನ್ನು ಮೇಲೆ ಹಾಗೆ ಹೇಳಬೇಡಿ.

ಇದೇ ಓಬರ್ಥ್ ಸಲಹೆ ಕೊಟ್ಟ ಒಂದು ಜರ್ಮನ್ ಮೂಕಿ ಸಿನಿಮಾ 1929ರಲ್ಲಿ ಬಂತು, ಚಂದ್ರಯಾನದ್ದೇ. ರಾಕೆಟ್ ಹಾರುವ ಕ್ಷಣಕ್ಕೆ ನೋಡುವವರ ಉಸಿರು ಬಿಗಿಹಿಡಿಸಲು ನಿರ್ದೇಶಕ ಫ್ರಿಟ್ಜ್ ಲಾಂಗ್ ಅಂಕಿಗಳನ್ನು ಹಿಂದಿನಿಂದ ಎಣಿಸಿದರು. ಈಗ ರಾಕೆಟ್ ಹಾರಿಸುವಾಗ ಹತ್ತು, ಒಂಬತ್ತು, ಎಂಟು ಎಂದು ಎಣಿಸುವುದನ್ನು ಕೇಳುತ್ತೇವಲ್ಲ, ಸಿನಿಮಾದಲ್ಲಿ ಮೊದಲೇ ಅದು ಹಾಗೆ ಬಂದಿತ್ತು.

ಹೇಳಬೇಕಾದದ್ದು ಇನ್ನೂ ಎಷ್ಟೋ ಇದೆ, ಓಡಿಸುತ್ತೇನೆ. ಅಮೆರಿಕದ ರಾಬರ್ಟ್ ಗೊಡಾರ್ಡ್ ಹದಿನಾರನೇ ವಯಸ್ಸಿನಲ್ಲಿ ವೆಲ್ಸ್ ಅವರ ಮಂಗಳಲೋಕದ ಕಥೆ ಓದಿದರು. 1926ರ ಮಾರ್ಚ್ 16ರಂದು ಮೊದಲ ಬಾರಿಗೆ ದ್ರವ ಇಂಧನದ ರಾಕೆಟ್ ಹಾರಿಸಿದರು. ಎರಡೂವರೆ ಸೆಕೆಂಡ್, 41 ಅಡಿ ಎತ್ತರ, ಅಷ್ಟೇ. ಮೊದಲ ಓದಿನ ಗುಂಗು ಅವರನ್ನು ಬಿಡಲಿಲ್ಲ. 1932ರಲ್ಲಿ ವೆಲ್ಸ್ ಅವರಿಗೇ ಕಾಗದ ಬರೆದು ಆ ಪುಸ್ತಕ ತಮ್ಮ ಮೇಲೆ ಮಾಡಿದ ಪರಿಣಾಮ ತಿಳಿಸಿದರು.

ಬರೀ ವಿಜ್ಞಾನಿಗಳೇ ಎಂದುಕೊಳ್ಳಬೇಡಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಜ್ಯಾಕ್ ಲವ್ ಎಂಬ ನ್ಯಾಯಾಧೀಶರಿದ್ದರು. ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಖಳನಾಯಕ ಸ್ಪೈಡರ್‌ಮ್ಯಾನ್ ಕೈಗೆ ಒಂದು ಕಡಗ ಹಾಕಿ, ಎಲ್ಲಿ ಹೋದರೂ ಪತ್ತೆ ಹಚ್ಚುತ್ತಾನೆ. ಅದನ್ನು ಓದಿದ ನ್ಯಾಯಾಧೀಶರು, ಚಿಕ್ಕಪುಟ್ಟ ತಪ್ಪಿಗೆ ಜೈಲಿಗೆ ಕಳಿಸುವ ಬದಲು ಹೀಗೆ ಮಾಡಬಾರದೇಕೆ ಎಂದು ಯೋಚಿಸಿದರು. ಸಾಧನ ತಯಾರಾದ ಮೇಲೆ ಮೊದಲು ತಾವೇ ಹಾಕಿಕೊಂಡು ಓಡಾಡಿ ನೋಡಿದರು. 1983ರಲ್ಲಿ ಶಿಕ್ಷೆಯ ಭಾಗವಾಗಿ ಬಳಕೆಗೆ ತಂದರು. ಈಗ ಎಷ್ಟೋ ದೇಶಗಳಲ್ಲಿ ಅದು ಮಾಮೂಲು.

ಸಮಯ ಮುಗಿಯಿತು ಎಂದು ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಸಿಕೋರ್ಸ್ಕಿ ಒಬ್ಬರ ಬಗ್ಗೆ ಹೇಳಿ ಮುಗಿಸುತ್ತೇನೆ, ಅವರನ್ನು ಬಿಡಲು ಮನಸ್ಸಿಲ್ಲ. ಕೀವ್‌ನಲ್ಲಿ ಹುಟ್ಟಿದ ಇಗೊರ್ ಸಿಕೋರ್ಸ್ಕಿ ಚಿಕ್ಕವರಿದ್ದಾಗ ವರ್ನ್ ಅವರ ಇನ್ನೊಂದು ಕಾದಂಬರಿಯಲ್ಲಿ ರೆಕ್ಕೆಯ ಬದಲು ತಿರುಗುವ ಅಲಗುಗಳಿಂದ ಹಾರುವ ಹಡಗಿನ ವರ್ಣನೆ ಓದಿದರು. 1909ರಲ್ಲಿ ಅಂಥದ್ದೇ ಯಂತ್ರ ಕಟ್ಟಿದರು, ಅದು ಅವರನ್ನು ಹೊತ್ತು ಏಳಲಿಲ್ಲ. ಬಿಟ್ಟು ವಿಮಾನ ಮಾಡಿದರು, ಹೆಸರು ಮಾಡಿದರು, ದೇಶ ಬಿಟ್ಟು ಅಮೆರಿಕಕ್ಕೆ ಹೋದರು. ಆದರೆ ಆ ಕಥೆ ತಲೆಯಿಂದ ಹೋಗಲಿಲ್ಲ. ಮೂವತ್ತು ವರ್ಷದ ನಂತರ, 1939ರ ಸೆಪ್ಟೆಂಬರ್ 14ರಂದು, ನೆಲಕ್ಕೆ ಹಗ್ಗ ಕಟ್ಟಿದ್ದ ಒಂದು ಹೆಲಿಕಾಪ್ಟರ್ ಕೆಲವೇ ಸೆಕೆಂಡ್ ಮೇಲಕ್ಕೆದ್ದಿತು. ಅದನ್ನು ನಡೆಸುತ್ತಿದ್ದವರು ಸಿಕೋರ್ಸ್ಕಿ ಅವರೇ, ಆಗ ಅವರಿಗೆ 50 ವರ್ಷ. ನಮಸ್ಕಾರ.