ಕುದುರೆಗೆ ಲೆಕ್ಕ ಬರುತ್ತಿತ್ತಾ?

ಸ್ನೇಹಿತರೇ, ನಮಸ್ಕಾರ.

ಸಂಶೋಧನೆಯಲ್ಲಿ ನಾವು ಅಳೆಯುವಾಗ ಎಲ್ಲಿ ಎಡವುತ್ತೇವೆ ಎಂಬುದು ಇವತ್ತಿನ ಮಾತು. ಒಂದು ಕುದುರೆಯಿಂದ ಶುರು ಮಾಡುತ್ತೇನೆ. ಹೆಸರು ಹಾನ್ಸ್, ಊರು ಬರ್ಲಿನ್. ಅದರ ಯಜಮಾನ ವಿಲ್ಹೆಲ್ಮ್ ಫಾನ್ ಓಸ್ಟೆನ್ ಗಣಿತದ ಮೇಷ್ಟ್ರಾಗಿದ್ದವರು. ಕೂಡುವ ಕಳೆಯುವ ಲೆಕ್ಕ ಕೊಟ್ಟರೆ ಹಾನ್ಸ್ ಗೊರಸಿನಿಂದ ನೆಲ ತಟ್ಟಿ ಉತ್ತರ ಹೇಳುತ್ತಿತ್ತು. ಇದರಲ್ಲಿ ಮೋಸ ಇದೆಯಾ ಅಂತ ನೋಡಲು 1904ರಲ್ಲಿ ಒಂದು ಸಮಿತಿಯೇ ಬಂತು. ಮೋಸ ಸಿಗಲಿಲ್ಲ. ಯಜಮಾನರ ಬದಲು ಬೇರೆಯವರು ಕೇಳಿದರೂ ಕುದುರೆ ಸರಿಯಾಗಿಯೇ ಹೇಳುತ್ತಿತ್ತು.

ಆಮೇಲೆ ಓಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಒಂದೇ ಒಂದು ವಿಷಯ ಬದಲಾಯಿಸಿದ. ಒಬ್ಬರು ಕುದುರೆಯ ಕಿವಿಯಲ್ಲಿ ಒಂದು ಸಂಖ್ಯೆ ಪಿಸುಗುಟ್ಟಬೇಕು. ಇನ್ನೊಬ್ಬರು ಇನ್ನೊಂದು. ಎರಡನ್ನೂ ಕೂಡಿದರೆ ಎಷ್ಟು ಅನ್ನುವುದು ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಹಾನ್ಸ್‌ಗೂ ಗೊತ್ತಾಗಲಿಲ್ಲ. ಕೇಳುವವರು ಕಾಣದಂತೆ ಕಣ್ಣಿಗೆ ಮರೆ ಕಟ್ಟಿದಾಗಲೂ ಅದು ತಪ್ಪಿತು. ಗುಟ್ಟು ಇಷ್ಟೇ: ಕೇಳುವವರು ಗೊರಸನ್ನು ನೋಡಲು ಸ್ವಲ್ಪ ಬಗ್ಗುತ್ತಿದ್ದರು. ಸರಿಯಾದ ಸಂಖ್ಯೆ ಬಂದ ಕೂಡಲೇ ಅವರ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಕುದುರೆ ಅದನ್ನು ನೋಡಿ ತಟ್ಟುವುದನ್ನು ನಿಲ್ಲಿಸುತ್ತಿತ್ತು.

ನನ್ನನ್ನು ಈಗಲೂ ಕಾಡುವುದು ಇದರ ಮುಂದಿನ ಭಾಗ. ಗುಟ್ಟು ಗೊತ್ತಾದ ಮೇಲೂ ಫುಂಗ್ಸ್ಟ್‌ಗೆ ತನ್ನ ತಲೆಯ ಆ ಚಲನೆಯನ್ನು ತಡೆಯಲು ಆಗಲಿಲ್ಲ. ಹಾಗಾಗಿ ಇದು ಪ್ರಾಮಾಣಿಕತೆಯ ಪ್ರಶ್ನೆ ಅಲ್ಲ. ‘ನಾನು ಪಕ್ಷಪಾತ ಮಾಡುವುದಿಲ್ಲ ಸರ್’ ಎಂದು ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಹೇಳುತ್ತಾರೆ. ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಫಾನ್ ಓಸ್ಟೆನ್ ಕೂಡ ಯಾರಿಗೂ ಮೋಸ ಮಾಡಲಿಲ್ಲ, ಅಲ್ವಾ? ಎರಡು ಗುಂಪುಗಳನ್ನು ಹೋಲಿಸುವಾಗ ಯಾರು ಯಾವ ಗುಂಪಿನಲ್ಲಿದ್ದಾರೆ ಎಂಬುದು ಅಳೆಯುವವರಿಗೆ ಗೊತ್ತಾಗದಂತೆ ಪ್ರಯೋಗವನ್ನೇ ಕಟ್ಟಬೇಕು. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಇದು ಕುದುರೆಯ ಕಾಲಕ್ಕೆ ಮುಗಿದ ಕಥೆಯೂ ಅಲ್ಲ. 1963ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ 12 ವಿದ್ಯಾರ್ಥಿಗಳಿಗೆ ತಲಾ 5 ಇಲಿ ಕೊಟ್ಟರು. ಅರ್ಧ ಜನಕ್ಕೆ ‘ನಿಮ್ಮವು ಜಾಣ ಇಲಿಗಳು’ ಎಂದರು, ಉಳಿದವರಿಗೆ ‘ನಿಮ್ಮವು ದಡ್ಡ ಇಲಿಗಳು’ ಎಂದರು. ನಿಜಕ್ಕೂ ಇಲಿಗಳಲ್ಲಿ ಅಂಥ ಭೇದ ಇರಲಿಲ್ಲ. ಆದರೂ ಕವಲುದಾರಿಯಲ್ಲಿ ಬಿಟ್ಟಾಗ ‘ಜಾಣ’ ಇಲಿಗಳೇ ಸರಿಯಾದ ದಾರಿಯನ್ನು ಚೆನ್ನಾಗಿ ಕಲಿತವು.

ಇನ್ನು ಪ್ರಶ್ನಾವಳಿ. ನಿಮ್ಮಲ್ಲಿ ಬಹಳ ಜನ ಇದನ್ನೇ ಬಳಸುತ್ತೀರಿ. ಅದಕ್ಕೇ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ಆತಂಕ ಅಳೆಯಲು ‘ನಿದ್ದೆ ಸರಿಯಾಗಿ ಬರುತ್ತಿಲ್ಲ’, ‘ಬೇಗ ಸುಸ್ತಾಗುತ್ತದೆ’ ಎಂದು ಕೇಳುತ್ತೀರಿ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಹಸುಗೂಸಿನ ತಾಯಿ ಇಬ್ಬರೂ ಹೌದು ಅನ್ನುತ್ತಾರೆ. ಅಂಕ ಜಾಸ್ತಿ ಬರುತ್ತದೆ. ಅಳೆದದ್ದು ಆತಂಕವನ್ನಾ, ದಣಿವನ್ನಾ? ಹಾನ್ಸ್ ತಟ್ಟಿದ್ದನ್ನು ಎಣಿಸಿದವರೂ ಸರಿಯಾಗಿಯೇ ಎಣಿಸಿದ್ದರು. ಅದಕ್ಕೆ ಲೆಕ್ಕದ ಜಾಣತನ ಎಂದು ಹೆಸರಿಟ್ಟದ್ದು ತಪ್ಪಾಯಿತು.

ಪ್ರಶ್ನಾವಳಿಯ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಒಂದು ಅಂಕಿ ಇದೆ, ಕ್ರಾನ್‌ಬಾಕ್ ಆಲ್ಫಾ; 1ಕ್ಕೆ ಹತ್ತಿರವಾದಷ್ಟೂ ಹೊಂದಿಕೆ ಹೆಚ್ಚು. ‘ಕ್ರಾನ್‌ಬಾಕ್ ಆಲ್ಫಾ 0.9 ಬಂದಿದೆ’ ಎಂದು ಸಮಾಧಾನ ಪಡಬೇಡಿ. ಒಂದೇ ಮಾತನ್ನು ಐದು ಥರ ತಿರುಗಿಸಿ ಕೇಳಿದರೆ ಆಲ್ಫಾ ಸುಮ್ನೆ ಏರುತ್ತದೆ. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ. ಯಾವುದನ್ನು ಅಳೆದಿರಿ ಎಂದು ಹೇಳುವುದಿಲ್ಲ. ಅದನ್ನು ತಿಳಿಯುವುದು ಹೇಗೆ ಎಂದು ಅದೇ ಲೀ ಕ್ರಾನ್‌ಬಾಕ್, ಮನಶ್ಶಾಸ್ತ್ರಜ್ಞ ಪಾಲ್ ಮೀಲ್ ಜೊತೆ ಸೇರಿ 1955ರಲ್ಲಿ ಉದ್ದದ ಲೇಖನ ಬರೆದರು. ಜನ ಆಲ್ಫಾವನ್ನು ಮಾತ್ರ ಹಿಡಿದುಕೊಂಡರು. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ನೂರಾರು ಜನಕ್ಕೆ ಹಂಚುವ ಮೊದಲು ನಾಲ್ಕೈದು ಜನರ ಎದುರು ಕೂರಿ. ಒಂದೊಂದೇ ಪ್ರಶ್ನೆ ಓದಿಸಿ. ‘ಇದನ್ನು ಓದಿದಾಗ ನಿಮಗೆ ಏನು ಅರ್ಥವಾಯಿತು, ಉತ್ತರ ಹೇಗೆ ಹೊಳೆಯಿತು, ಬಾಯಿಬಿಟ್ಟು ಹೇಳಿ’ ಎಂದು ಕೇಳಿ. ನೀವು ಕೇಳಿದ್ದು ಒಂದು, ಅವರು ಉತ್ತರಿಸಿದ್ದು ಇನ್ನೊಂದು ಎಂದು ಅಲ್ಲೇ ಗೊತ್ತಾಗುತ್ತದೆ.

ಈಗಲೇ ಮಾಡಿ ನೋಡೋಣ. ನಿಮ್ಮ ಕೈಯಲ್ಲಿರುವ ಹಾಳೆಯ ಮೂರನೇ ಪ್ರಶ್ನೆ ತೆಗೆಯಿರಿ. ‘ನಾನು ಆಗಾಗ ಒಂಟಿಯಾಗಿರುತ್ತೇನೆ.’ ಪಕ್ಕದಲ್ಲಿ ಕೂತವರನ್ನು ಕೇಳಿ, ‘ಆಗಾಗ’ ಅಂದರೆ ವಾರಕ್ಕೆ ಎಷ್ಟು ಸಲ?