ವಸ್ತಿ ಬಸ್ಸು ಹೊರಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಹೋದ ವಾರ ಗದಗ ಭಾಗದ ಒಂದು ಸಣ್ಣ ಪದವಿ ಕಾಲೇಜಿನಿಂದ ನನಗೆ ಫೋನ್ ಬಂದಿತ್ತು. ವಾರ್ಷಿಕ ಸ್ನೇಹ ಸಮ್ಮೇಳನಕ್ಕೆ ಅತಿಥಿಯಾಗಿ ಬರಬೇಕೆಂದು ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಸ್ನೇಹ ಸಮ್ಮೇಳನ ಎನ್ನುವುದು ಆಮಂತ್ರಣ ಪತ್ರಿಕೆಯ ಮಾತು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯಲ್ಲಿ ಓದಿದ ನಮಗೆಲ್ಲ ಅದು ಗ್ಯಾದರಿಂಗ್. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ದಿನಾಂಕವನ್ನೂ ನೋಡದೆ ಒಪ್ಪಿಕೊಂಡೆ. ಎಷ್ಟು ಗಂಟೆಗೆ ಎಂದು ಕೇಳಿದೆ.

"ಸಂಜೆ ಆರಕ್ಕೆ ಶುರು, ಮೇಡಂ. ಹತ್ತರವರೆಗೆ ಇರುತ್ತದೆ."

ನಿನ್ನ ಊರು ಯಾವುದಮ್ಮ ಎಂದೆ. ಹನ್ನೆರಡು ಕಿಲೋಮೀಟರ್ ಆಚೆಯ ಹಳ್ಳಿಯೊಂದರ ಹೆಸರು ಹೇಳಿದಳು. ಅಲ್ಲಿಗೆ ಕೊನೆಯ ಬಸ್ಸು ಐದೂಮುಕ್ಕಾಲಿಗಂತೆ. ಹಾಗಾದರೆ ನೀನು ಕಾರ್ಯಕ್ರಮ ನೋಡುವುದು ಹೇಗೆ?

"ಹಳ್ಳಿಯಿಂದ ಬರುವವರು ನಾವು ಬೆಳಿಗ್ಗೆಯೇ ಬಂದು ರಂಗೋಲಿ ಹಾಕಿ, ವೇದಿಕೆಗೆ ಹೂ ಕಟ್ಟಿ ಹೋಗುತ್ತೇವೆ, ಮೇಡಂ. ವಿಡಿಯೊ ಗ್ರೂಪಿಗೆ ಹಾಕುತ್ತಾರೆ."

ಅವಳ ದನಿಯಲ್ಲಿ ದೂರು ಇರಲಿಲ್ಲ, ಬೇಸರವೂ ಇರಲಿಲ್ಲ. ಅದು ಹಾಗೆಯೇ ಇರುವುದು ಎಂಬಂತೆ ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ನಮ್ಮ ಸಣ್ಣ ಊರುಗಳ ಕಾಲೇಜಿನ ಸಮಾರಂಭ ಹಗಲಿನಲ್ಲಿ ನಡೆಯಬೇಕು, ವಸ್ತಿ ಬಸ್ಸು, ಅಂದರೆ ರಾತ್ರಿ ಹಳ್ಳಿಯಲ್ಲೇ ತಂಗುವ ಕೊನೆಯ ಬಸ್ಸು, ಹೊರಡುವ ಮೊದಲು ಮುಗಿಯಬೇಕು. ಇದನ್ನು ಕೇಳಿ "ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ" ಎಂದು ಯಾರಿಗಾದರೂ ಅನ್ನಿಸಿದರೆ ಸ್ವಲ್ಪ ಹೊತ್ತು ನನ್ನ ಜೊತೆ ಕುಳಿತುಕೊಳ್ಳಿ.

ನಾನು ಬಿ.ಎ.ಗೆ ಸೇರಿದ್ದು 1982ರ ಜೂನ್‌ನಲ್ಲಿ, ಗೋಕಾಕ್ ಚಳವಳಿಯ ವರ್ಷ. ಗದಗ, ಹಾವೇರಿ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದವು; ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ನಮ್ಮದು ತಾಲ್ಲೂಕು ಊರಿನ ಕಾಲೇಜು. ಹೆಂಚಿನ ಮಾಡಿನ ಆರು ಕೋಣೆ, ಅಂಗಳದಲ್ಲಿ ಎರಡು ಬೇವಿನ ಮರ, ಸುತ್ತ ಎರೆಹೊಲ. ಇನ್ನೂರು ಚಿಲ್ಲರೆ ಹುಡುಗರು, ಹತ್ತೊಂಬತ್ತು ಹುಡುಗಿಯರು. ನಮಗೊಂದು ಲೇಡೀಸ್ ರೂಮ್ ಇತ್ತು. ಗಂಟೆ ಬಾರಿಸಿದ ಮೇಲೆ ಸರ್ ಆ ಬಾಗಿಲ ಮುಂದೆ ಹಾದುಹೋಗುತ್ತಿದ್ದರು, ನಾವು ಅವರ ಹಿಂದೆ ಸಾಲಾಗಿ ವರ್ಗದೊಳಗೆ ಹೋಗುತ್ತಿದ್ದೆವು. ಪಾಠ ಮುಗಿದರೆ ಮತ್ತೆ ಅವರ ಹಿಂದೆಯೇ ಹೊರಗೆ. ಮೂರು ವರ್ಷ ಒಂದೇ ಕೋಣೆಯಲ್ಲಿ ಕುಳಿತ ಹುಡುಗರಲ್ಲಿ ಅರ್ಧ ಜನರ ದನಿ ಹೇಗಿದೆ ಎಂದು ನನಗೆ ಗೊತ್ತಾಗಲಿಲ್ಲ.

ಮಾತು ಸಿಗುತ್ತಿದ್ದದ್ದು ಹಬ್ಬಗಳಲ್ಲಿ. ದಸರೆ ಮುಗಿದು ಕಾಲೇಜು ತೆರೆದಾಗ ಹುಡುಗರು ಬನ್ನಿ ಎಲೆ ಹಿಡಿದು ಬಾಗಿಲ ಬಳಿ ನಿಲ್ಲುತ್ತಿದ್ದರು. "ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ" ಎಂದು ಕೈಗೆ ಎಲೆ ಇಡುವಾಗ ಯಾರೂ ಆಕ್ಷೇಪ ಎತ್ತುತ್ತಿರಲಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು ಕೊಡುವುದು ನಮ್ಮ ಸರದಿ. ಎಲೆಗೆ ಎಳ್ಳು, ಅಷ್ಟೇ ವ್ಯವಹಾರ. ಆದರೂ ಆ ನಾಲ್ಕು ಮಾತಿಗಾಗಿ ಎರಡು ದಿನ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು. ಪಾರ್ಟಿ ಎಂಬ ಶಬ್ದ ನಮಗೆ ರಾಜಕೀಯದಲ್ಲಿ ಮಾತ್ರ ಗೊತ್ತಿತ್ತು.

ಇಡೀ ಕಾಲೇಜು ಬಸ್ಸಿನ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ರಾತ್ರಿ ನಮ್ಮ ಹಳ್ಳಿಯಲ್ಲಿ ತಂಗಿದ ವಸ್ತಿ ಬಸ್ಸು ನಸುಕಿನಲ್ಲಿ ಹೊರಡುತ್ತಿತ್ತು. ಅದರಲ್ಲಿ ನಾವು, ನಮ್ಮ ಹಾಲಿನ ಕ್ಯಾನುಗಳು, ಚಾಲಕರ ಪಕ್ಕದಲ್ಲಿ ಸಾಲಾಗಿ ಇಟ್ಟ ಬುತ್ತಿ ಡಬ್ಬಿಗಳು. ಊರಿನಲ್ಲಿ ರೂಮು ಮಾಡಿಕೊಂಡಿದ್ದ ಹುಡುಗರಿಗೆ ಅವರ ಅವ್ವಂದಿರು ಕಟ್ಟಿದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಅವು. ಡಬ್ಬಿಯ ಮೇಲೆ ಬಣ್ಣದಲ್ಲಿ ಹೆಸರು ಬರೆದಿರುತ್ತಿತ್ತು. ಹುಡುಗರು ಬಸ್ ನಿಲ್ದಾಣದಲ್ಲಿ ಕಾದು ನಿಂತು ಇಳಿಸಿಕೊಳ್ಳುತ್ತಿದ್ದರು. ಸಂಜೆಯಾದರೆ ಖಾಲಿ ಡಬ್ಬಿಗಳೂ ನಾವೂ ಅದೇ ಬಸ್ಸಿಗೆ ಹಿಂತಿರುಗಬೇಕು. ಅದು ತಪ್ಪಿದರೆ ಬೇರೆ ದಾರಿಯಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗಳು ಹೊಸ್ತಿಲಲ್ಲಿ ಕಾಣದಿದ್ದರೆ ಮರುದಿನ ಅವಳ ಕಾಲೇಜು ಬಂದ್.

ಗ್ಯಾದರಿಂಗ್ ಆಗುತ್ತಿದ್ದದ್ದು ಎಳ್ಳ ಅಮಾವಾಸ್ಯೆ ಕಳೆದ ಮೇಲೆ, ಕಡಲೆ ಕೀಳುವ ಕೆಲಸ ಶುರುವಾಗುವ ಮುಂಚೆ. ನಮ್ಮ ಮೊದಲ ವರ್ಷ ನಾಟಕದ ತಾಲೀಮು ಸಂಜೆ ಆರರ ಮೇಲೆ ನಡೆಯಿತು. ಯಾವ ಹುಡುಗಿಯೂ ಇರಲಿಲ್ಲ, ತಾಯಿಯ ಪಾತ್ರವನ್ನೂ ನಾಯಕಿಯ ಪಾತ್ರವನ್ನೂ ಹುಡುಗರೇ ಮಾಡಿದರು. ಮರುವರ್ಷ, ಅಂದರೆ 1984ರ ಗ್ಯಾದರಿಂಗ್‌ಗೆ, ನಾನು ಎಲ್.ಆರ್. ಆಗಿ ಆಯ್ಕೆಯಾಗಿದ್ದೆ. ಹುಡುಗಿಯರ ಪ್ರತಿನಿಧಿ ಎಂದರ್ಥ. ಹುಡುಗಿಯರೇಕೆ ನಾಟಕಕ್ಕೆ ಬರುವುದಿಲ್ಲ ಎಂದು ಕನ್ನಡದ ಸರ್ ನನ್ನನ್ನು ಕೇಳಿದರು. ನಾಚಿಕೆ, ಮನೆಯವರ ಭಯ, ಜನರ ಮಾತು, ಹೀಗೆ ಏನೇನೋ ಕಾರಣ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ನಿಮ್ಮ ಬಸ್ಸು ಎಷ್ಟಕ್ಕೆ?" ಎಂದರು.

ಮರುದಿನದಿಂದ ತಾಲೀಮು ಹನ್ನೊಂದರಿಂದ ಒಂದರವರೆಗೆ, ಮೂಲೆಯ ಖಾಲಿ ಕೋಣೆಯಲ್ಲಿ. ಒಂದು ವಾರದೊಳಗೆ ಮೂವರು ಹುಡುಗಿಯರು ಹೆಸರು ಕೊಟ್ಟೆವು. ನಾಚಿಕೆ, ಭಯ, ಜನರ ಮಾತು ಎಲ್ಲವೂ ಇದ್ದ ಹಾಗೆಯೇ ಇದ್ದವು. ಬದಲಾದದ್ದು ಗಡಿಯಾರದ ಮುಳ್ಳು ಮಾತ್ರ. ಈ ಒಂದು ಸಂಗತಿಯನ್ನು ನಾನು ನಲವತ್ತು ವರ್ಷದಿಂದ ಮರೆತಿಲ್ಲ.

ಆ ತಿಂಗಳನ್ನು ಹೇಗೆ ಹೇಳಲಿ! ಪಟ್ಟಿ ಎತ್ತಿ ಹಣ ಕೂಡಿಸಿದೆವು, ತಲೆಗೆ ಐದು ರೂಪಾಯಿ, ಕೊಡಲಾಗದವರಿಂದ ಒಂದು ಸೇರು ಜೋಳ. ಆಮಂತ್ರಣ ಪತ್ರಿಕೆ ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲೇ ಅಚ್ಚಾಗಬೇಕೆಂಬ ಹಟ. ಹುಡುಗರಿಬ್ಬರು ಹೋಗಿ ಮೊಳೆ ಜೋಡಿಸುವವರ ಪಕ್ಕದಲ್ಲೇ ಕುಳಿತು ಕಾಗುಣಿತ ತಿದ್ದಿಸಿಕೊಂಡು ಬಂದರು. ಪರದೆಗಳನ್ನು ಒಂದು ನಾಟಕ ಕಂಪನಿಯವರಿಂದ ಬಾಡಿಗೆಗೆ ತಂದೆವು. ಅರಮನೆಯ ಪರದೆ ಸಿಕ್ಕಿತು, ಗುಡಿಸಲಿನದು ಸಿಗಲಿಲ್ಲ. ಬಡ ರೈತನ ಮನೆಯ ದೃಶ್ಯಕ್ಕೆ ನಮ್ಮ ಮನೆಯ ಕೌದಿಗಳನ್ನೇ ಇಳಿಬಿಟ್ಟೆವು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಲು ಅಂಧರಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಬ್ಬ ಅಂಧ ಗಾಯಕರು ಬಂದರು. ನಮ್ಮ ಬೇಸೂರಿನ ಹಾಡನ್ನು ಎರಡು ದಿನ ತಾಳ್ಮೆಯಿಂದ ತಿದ್ದಿದರು.

ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಪಂಕ್ತಿ: ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಮೂರು ಗಂಟೆಗೆ ನಾಟಕ. ಬಿಸಿಲಿದ್ದುದರಿಂದ ದೀಪದ ಬೆಡಗು ಯಾವುದೂ ಇರಲಿಲ್ಲ. ನನ್ನ ಅವ್ವ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದು ಮುಂದಿನ ಜಮಖಾನೆಯ ಮೇಲೆ ಕುಳಿತಿದ್ದಳು. ರಾತ್ರಿಯಾಗಿದ್ದರೆ ಅವಳು ಬರುತ್ತಿರಲಿಲ್ಲ. ನಾನು ಓದಿದ ಕಾಲೇಜನ್ನು ಅವಳು ಕಂಡದ್ದು ಅದೊಂದೇ ಸಲ.

ಹಾಗೆಂದು ಆ ಕಾಲವೇ ಬಂಗಾರ ಎಂದು ನಾನು ಹೇಳಲಾರೆ. ಅದೇ ದಿನ ಊಟಕ್ಕೆ ಮೊದಲು ಫಿಶ್‌ಪಾಂಡ್ ಇತ್ತು. ನಮ್ಮ ಕಡೆ ಓದಿದ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಯಾರ ಬಗ್ಗೆಯಾದರೂ ಒಂದು ಚೀಟಿ ಬರೆದು ಹೆಸರಿಲ್ಲದೆ ಡಬ್ಬಿಗೆ ಹಾಕುವುದು. ವೇದಿಕೆಯ ಮೇಲೆ ಒಬ್ಬರು ಒಂದೊಂದನ್ನೇ ತೆಗೆದು ಓದುವುದು. ಯಾರ ಮೇಲೆ ಬರೆದಿದೆಯೋ ಅವರು ಎಲ್ಲರ ಮುಂದೆ ಬಂದು ಚೀಟಿ ತೆಗೆದುಕೊಳ್ಳಬೇಕು. ಸಭೆ ನಗುತ್ತದೆ. ಇವತ್ತಿಗೂ ಹಳೆಯ ಗೆಳೆಯರು ಸೇರಿದರೆ ಫಿಶ್‌ಪಾಂಡ್ ನೆನೆದು ಕಣ್ಣೀರು ಬರುವಷ್ಟು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ನಮ್ಮ ವರ್ಗದಲ್ಲಿ ಎರಡೇ ಸೀರೆ ಇದ್ದ ಹುಡುಗಿಯೊಬ್ಬಳಿದ್ದಳು. ಒಂದು ಹಸಿರು, ಒಂದು ನೀಲಿ. ಅವಳ ಚೀಟಿಯಲ್ಲಿ ಹೀಗಿತ್ತು: "ಸೋಮವಾರ ಹಸಿರು, ಮಂಗಳವಾರ ನೀಲಿ, ಬುಧವಾರ ಮತ್ತೆ ಹಸಿರು. ರವಿವಾರ ಯಾವುದು, ಯಾರಿಗೆ ಗೊತ್ತು?" ಅವಳು ಎದ್ದು ಬಂದು ಚೀಟಿ ತೆಗೆದುಕೊಂಡಳು, ನಾಲ್ಕಾಗಿ ಮಡಚಿದಳು, ಕುಳಿತಳು. ಊಟ ಮಾಡದೆ ಒಂದು ಗಂಟೆಯ ಬಸ್ಸಿಗೆ ಹೋದಳು. ಮತ್ತೆ ಕಾಲೇಜಿಗೆ ಬರಲಿಲ್ಲ.

ಹಿಂದಿನ ಸಂಜೆ ಆ ಚೀಟಿಗಳನ್ನು ಸೋಸಿದ ಮೂವರಲ್ಲಿ ನಾನೂ ಒಬ್ಬಳು. ಕೆಟ್ಟ ಶಬ್ದ ಇದ್ದದ್ದನ್ನೆಲ್ಲ ಹರಿದು ಹಾಕಿದೆವು. ಇದರಲ್ಲಿ ಕೆಟ್ಟ ಶಬ್ದವೇ ಇರಲಿಲ್ಲ, ಹಾಗಾಗಿ ಬಿಟ್ಟೆವು. ಈ ತಪ್ಪು ನನ್ನದು. ಹಳೆಯ ಗ್ಯಾದರಿಂಗ್ ತಿರುಗಿ ಬರಲಿ ಎನ್ನುವವರು ಫಿಶ್‌ಪಾಂಡ್ ಅನ್ನು ಮಾತ್ರ ಅಲ್ಲಿಯೇ ಬಿಟ್ಟು ಬರಬೇಕೆಂದು ಕೈಮುಗಿದು ಕೇಳುತ್ತೇನೆ.

ಈಗ ಇಂದಿನ ಮಾತಿಗೆ ಬರುತ್ತೇನೆ. ಸಂಜೆಯ ಸಮಾರಂಭ ಎಂಬುದು ದೊಡ್ಡ ಊರಿನ ಪದ್ಧತಿ. ಧಾರವಾಡದಲ್ಲಿ 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನಂಥ ಕಡೆ ಹಾಸ್ಟೆಲ್‌ಗಳಿದ್ದವು. ಮುರುಘಾಮಠದಂಥ ಮಠಗಳು ಬಡ ಹುಡುಗರಿಗೆ ಅನ್ನ, ಆಸರೆ ಕೊಟ್ಟವು. ಅಲ್ಲಿ ರಾತ್ರಿ ಹತ್ತಕ್ಕೆ ನಾಟಕ ಮುಗಿದರೂ ನಡೆದುಕೊಂಡು ಹೋಗಿ ಮಲಗಬಹುದಿತ್ತು. ಬಸ್ ಪಾಸಿನ ಮೇಲೆ ನಡೆಯುವ ಕಾಲೇಜು ಅದನ್ನೇ ಅನುಸರಿಸಿದರೆ ತನ್ನ ಅರ್ಧ ಮಕ್ಕಳನ್ನು ತಾನೇ ಹೊರಗಿಟ್ಟಂತೆ. ಅದರಲ್ಲೂ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿಲ್ಲ. ನಾನು ಹೋಗಿ ನೋಡಿದ ತಾಲ್ಲೂಕು ಕಾಲೇಜುಗಳಲ್ಲಿ ಮುಂದಿನ ಬೆಂಚುಗಳ ತುಂಬ ಹಳ್ಳಿಯ ಹುಡುಗಿಯರೇ. ಪಾಠಕ್ಕೆ ಅವರು ಬೇಕು, ಫಲಿತಾಂಶಕ್ಕೆ ಬೇಕು, ರಂಗೋಲಿಗೂ ಬೇಕು. ಹಾಡುವ ಹೊತ್ತಿಗೆ ಅವರು ಬಸ್ಸಿನಲ್ಲಿ!

ಹಗಲಿನಲ್ಲಿ ಡಿ.ಜೆ. ದೀಪಗಳು ಕಾಣುವುದಿಲ್ಲ ಎನ್ನುತ್ತಾರೆ. ಕಾಣದಿರಲಿ. ಗಣ್ಯರಿಗೆ ಸಂಜೆಯೇ ಬಿಡುವು ಎನ್ನುತ್ತಾರೆ. ಮಕ್ಕಳಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಬರುವ ಗಣ್ಯರಿಂದ ಮಕ್ಕಳಿಗೇನು ಲಾಭ? ಇನ್ನು ಕೆಲವರು ಹುಡುಗಿಯರ ಸುರಕ್ಷತೆಗಾಗಿಯೇ ಬೇಗ ಕಳಿಸುತ್ತೇವೆ ಎನ್ನುತ್ತಾರೆ. ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಹೊತ್ತನ್ನು ಇಟ್ಟವರು ನೀವು, ಮನೆಗೆ ಹೋಗಬೇಕಾದವರು ಅವರೇ? ಸಂಜೆಯೇ ಆಗಬೇಕೆಂದರೆ ಸಾರಿಗೆ ಸಂಸ್ಥೆಯ ಡಿಪೊಗೆ ಮೊದಲೇ ಅರ್ಜಿ ಕೊಟ್ಟರೆ ಒಂದು ದಿನದ ಮಟ್ಟಿಗೆ ಬಸ್ಸು ಬಾಡಿಗೆಗೆ ಸಿಗುತ್ತದೆ. ಡಿ.ಜೆ.ಗೆ ಕೊಡುವ ಹಣದಲ್ಲಿ ಎರಡು ದಿಕ್ಕಿಗೆ ಎರಡು ಬಸ್ಸು ಬಿಡಿ.

ಇದನ್ನೆಲ್ಲ ನಾನು ಆ ವಿದ್ಯಾರ್ಥಿನಿಗೂ ಹೇಳಿದೆ. ಪ್ರಾಚಾರ್ಯರಿಗೆ ಒಂದು ಪತ್ರವನ್ನೂ ಬರೆದೆ. ನಿನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಡಿ.ಜೆ.ಯವರಿಗೆ ಮುಂಗಡ ಕೊಟ್ಟಾಗಿದೆ, ಅದು ಸಂಜೆಯೇ ಇರುತ್ತದೆ. ಆದರೆ ಹಾಡು, ನಾಟಕ, ಬಹುಮಾನ ವಿತರಣೆಯನ್ನು ಮಧ್ಯಾಹ್ನ ಎರಡಕ್ಕೆ ತರಲು ಪ್ರಾಚಾರ್ಯರು ಒಪ್ಪಿದ್ದಾರೆ. ಅವಳು ತನ್ನ ಹೆಸರನ್ನು ಹಾಡಿಗೆ ಕೊಟ್ಟಿದ್ದಾಳಂತೆ, ತತ್ವಪದ ಹಾಡುತ್ತಾಳಂತೆ, ಅಜ್ಜಿ ಕಲಿಸಿದ್ದು. ಪೇಟಿ ನುಡಿಸುವವರು ಮಾತ್ರ ಇನ್ನೂ ಸಿಕ್ಕಿಲ್ಲ; ಇದ್ದವರು ರಾತ್ರಿಯ ಕಾರ್ಯಕ್ರಮಕ್ಕೆ ಒಪ್ಪಿಕೊಂಡವರು.

ಗದಗ, ಹುಬ್ಬಳ್ಳಿಯ ಕಡೆಯಿಂದ ಇದನ್ನು ಕೇಳುತ್ತಿರುವವರಲ್ಲಿ ಪೇಟಿ ಬಲ್ಲವರು ಯಾರಾದರೂ ಇದ್ದರೆ, ಫೆಬ್ರವರಿಯ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಲು ಆಗುವುದಾದರೆ, ದಯವಿಟ್ಟು ನನಗೆ ತಿಳಿಸಿ. ಹೋಗಿ ಬರುವ ವ್ಯವಸ್ಥೆ ನಾನು ನೋಡಿಕೊಳ್ಳುತ್ತೇನೆ. ಐದೂಕಾಲಿಗೆಲ್ಲ ನಿಮ್ಮನ್ನು ಬಿಡುತ್ತಾರೆ.